ಅಂತರಶಿಸ್ತೀಯ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ: ಎಲ್ಲರಿಗೂ ಒಂದೇ ಕಡ್ಡಾಯ ಕೋರ್ ಬೇಕೇ?

ಪರ: ಕೋರ್ ಇಲ್ಲದ ಪದವಿ ಕಲಸುಮೇಲೋಗರ

ಥೀಸಿಸ್ ಇರುವ ಎಂ.ಎಸ್. ಪದವಿಗೆ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಕೇಳುವುದು 30 ಕ್ರೆಡಿಟ್. ಅದರಲ್ಲಿ ಆರನ್ನು ಥೀಸಿಸ್‌ಗೆ ತೆಗೆದಿಟ್ಟರೆ, ಕೋರ್ಸಿಗೆ ಮೂರರಂತೆ ಉಳಿಯುವುದು ಎಂಟೇ ಕೋರ್ಸು. ಎಲ್ಲರೂ ಓದಲೇಬೇಕಾದ ಕೋರ್ಸುಗಳ ಗುಂಪು, ಅಂದರೆ ಕೋರ್, ಇಲ್ಲದೆ ಈ ಎಂಟನ್ನೂ ವಿದ್ಯಾರ್ಥಿಯ ಇಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದು ಓದಿ ಬಂದವರಿಗೆಲ್ಲ ಗೊತ್ತು. ಎಲೆಕ್ಟಿವ್ ಆರಿಸುವಾಗ ನಾವು ಮೊದಲು ನೋಡುವುದು ಟೈಮ್‌ಟೇಬಲ್. ಆಮೇಲೆ, ಯಾವ ಮೇಷ್ಟ್ರು ಧಾರಾಳವಾಗಿ ಅಂಕ ಹಾಕುತ್ತಾರೆ ಎಂಬುದು. ಪಠ್ಯಕ್ರಮದ ಸರದಿ ಬರುವುದು ಅದಾದ ಮೇಲೆ.

ಕೋರ್ ಬೇಕಾಗಿರುವುದು ಭಾಷೆಗಾಗಿ. ಸ್ಟ್ರೆಸ್ ಎಂದರೆ ಮೆಕ್ಯಾನಿಕಲ್ ಓದಿದವನಿಗೆ ಚದರ ಮೀಟರಿಗೆ ಇಷ್ಟು ನ್ಯೂಟನ್. ಜೀವಶಾಸ್ತ್ರದಿಂದ ಬಂದವಳಿಗೆ ಜೀವಕೋಶ ಪಡುವ ಸಂಕಟ. ಇಬ್ಬರೂ ಒಂದೇ ಲ್ಯಾಬಿನಲ್ಲಿ ಕೂತು ಆರು ತಿಂಗಳು ಬೇರೆ ಬೇರೆ ಮಾತಾಡುತ್ತಲೇ ಇರಬಹುದು. ಇನ್ನೊಂದು ಬದಿಯಿಂದ ನೋಡಿ. ಸ್ಪ್ರಿಂಗಿಗೆ ನೇತುಹಾಕಿದ ತೂಕ ತೊನೆಯುವುದನ್ನೂ, ಇಂಡಕ್ಟರ್, ರೆಸಿಸ್ಟರ್, ಕೆಪಾಸಿಟರ್ ಜೋಡಿಸಿದ ಸರ್ಕೀಟಿನಲ್ಲಿ ವಿದ್ಯುದಾವೇಶ ಓಲಾಡುವುದನ್ನೂ ಹೇಳುವುದು ಒಂದೇ ಅವಕಲ ಸಮೀಕರಣ. ದ್ರವ್ಯರಾಶಿ ಇದ್ದ ಕಡೆ ಇಂಡಕ್ಟೆನ್ಸ್, ಘರ್ಷಣೆ ಇದ್ದ ಕಡೆ ರೆಸಿಸ್ಟೆನ್ಸ್, ಸ್ಪ್ರಿಂಗಿನ ಬಿಗಿತ ಇದ್ದ ಕಡೆ ಕೆಪಾಸಿಟೆನ್ಸಿನ ವಿಲೋಮ ಇಟ್ಟರೆ ಮುಗಿಯಿತು. ಇದನ್ನು ಒಮ್ಮೆ ಕಂಡವನು ಇನ್ನೊಂದು ವಿಭಾಗದ ಬಾಗಿಲಲ್ಲಿ ಅಪರಿಚಿತನಾಗಿ ನಿಲ್ಲುವುದಿಲ್ಲ. ಆದರೆ ಇದು ಕಾಣುವುದು ಎರಡೂ ಕಡೆಯವರನ್ನು ಒಂದೇ ತರಗತಿಯಲ್ಲಿ ಕೂರಿಸಿದಾಗ.

ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕಥೆ ಹಳೆಯದಾದರೂ ಹಳಸಿಲ್ಲ. 1985ರಿಂದ 1987ರ ನಡುವೆ ಕನಿಷ್ಠ ಆರು ರೋಗಿಗಳಿಗೆ ಅದು ವಿಪರೀತ ಪ್ರಮಾಣದ ವಿಕಿರಣ ಹಾಯಿಸಿತು; ಕೆಲವರು ಸತ್ತರು. ಅದಕ್ಕೂ ಹಿಂದಿನ ಥೆರಾಕ್-20ರ ಸಾಫ್ಟ್‌ವೇರಿನಲ್ಲೂ ಅಂಥದೇ ದೋಷವಿತ್ತು. ಅಲ್ಲಿ ತಪ್ಪಾದರೆ ಯಂತ್ರವನ್ನೇ ತಡೆಯುವ ಹಾರ್ಡ್‌ವೇರ್ ಇಂಟರ್‌ಲಾಕ್ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಹೊಸ ಯಂತ್ರದಲ್ಲಿ ಆ ಇಂಟರ್‌ಲಾಕ್ ತೆಗೆದು, ಕಾವಲನ್ನು ಸಾಫ್ಟ್‌ವೇರಿಗೆ ವಹಿಸಿದರು. ಹಾರ್ಡ್‌ವೇರ್ ಯಾವುದನ್ನು ತಡೆದಿಟ್ಟಿತ್ತು ಎಂದು ಸಾಫ್ಟ್‌ವೇರ್ ಬರೆಯುವವರು ಕೇಳಬೇಕಿತ್ತು. ಹಾಗೆ ಕೇಳುವ ಅಭ್ಯಾಸ ತಾನಾಗಿ ಬರುವುದಿಲ್ಲ, ಕಲಿಸಬೇಕು.

ನಾನು ಕೇಳುವುದು ಮೂರೇ ಕೋರ್ಸು: ಗಣಿತೀಯ ಮಾಡೆಲಿಂಗ್, ಸಂಭವನೀಯತೆ ಮತ್ತು ದತ್ತಾಂಶ, ವ್ಯವಸ್ಥೆಗಳ ವಿನ್ಯಾಸ ಹಾಗೂ ಸುರಕ್ಷತೆ. ಆಮೇಲೂ ಐದು ಕೋರ್ಸು ಕೈಯಲ್ಲಿರುತ್ತವೆ. ಅಷ್ಟು ಸ್ವಾತಂತ್ರ್ಯ ಸಾಲದೇ?

ವಿರೋಧ: ಕೋರ್ ಹಾಕಿದಿರೋ, ಇನ್ನೊಂದು ಶಿಸ್ತು ಹುಟ್ಟಿತು

ಐದು ಉಳಿಯುತ್ತವೆ ಎಂಬ ಲೆಕ್ಕ ಕಾಗದದ ಮೇಲಿನದು. ಹೊರ ವಿಭಾಗದಿಂದ ಬಂದವರಿಗೆ ತಳಹದಿ ತುಂಬುವ ಬ್ರಿಡ್ಜ್ ಕೋರ್ಸು ಬೇರೆ ಇರುತ್ತದೆ, ಅದು ಅನೇಕ ಕಡೆ ಪದವಿಯ ಕ್ರೆಡಿಟ್ಟಿಗೆ ಸೇರುವುದೇ ಇಲ್ಲ. ಶ್ರಮ ಪೂರ್ತಿ, ಲೆಕ್ಕಕ್ಕೆ ಸೊನ್ನೆ. ಉಳಿದ ಐದನ್ನು ಎರಡು ಶಿಸ್ತುಗಳಿಗೆ ಹಂಚಿದರೆ ಒಂದಕ್ಕೆ ಮೂರು, ಇನ್ನೊಂದಕ್ಕೆ ಎರಡು. ಎರಡು ಕೋರ್ಸು ಓದಿದವನನ್ನು ಯಾವ ವಿಭಾಗವೂ ತನ್ನವನೆಂದು ಒಪ್ಪುವುದಿಲ್ಲ.

ಒಂದೇ ತರಗತಿಯಲ್ಲಿ ಕೂರಿಸುವ ಮಾತೂ ಕೇಳಲು ಚೆಂದ. ಎಲೆಕ್ಟ್ರಿಕಲ್ ಪದವೀಧರ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ ವಿಧಾನವನ್ನು ಮೂರನೇ ಸಲ ಕೇಳುತ್ತ ಆಕಳಿಸುತ್ತಾನೆ. ಪಕ್ಕದಲ್ಲಿ ಜೀವಶಾಸ್ತ್ರದವಳು ಮೊದಲ ಸಲ ಕೇಳಿ ಕಂಗಾಲಾಗಿರುತ್ತಾಳೆ. ಮೇಷ್ಟ್ರು ನಡುವಿನ ದಾರಿ ಹಿಡಿದು ಇಬ್ಬರನ್ನೂ ಕಳೆದುಕೊಳ್ಳುತ್ತಾರೆ. ಅಂದಹಾಗೆ, ಆ ಮೂರು ಕೋರ್ಸುಗಳ ಪಟ್ಟಿ ಎಷ್ಟು ದಿನ ಮೂರಾಗಿ ಉಳಿದೀತು? ಪ್ರತಿ ವಿಭಾಗಕ್ಕೂ ತನ್ನದೊಂದು ಕೋರ್ಸು ಅದರಲ್ಲಿರಬೇಕು. ಕೋರ್ ಎಂಬುದು ಕೊನೆಗೆ ವಿಭಾಗಗಳ ನಡುವಿನ ಒಪ್ಪಂದ. ವಿದ್ಯಾರ್ಥಿಗೆ ಏನು ಬೇಕು ಎಂದು ಆ ಮೇಜಿನ ಸುತ್ತ ಕೇಳುವವರಿಲ್ಲ.

ಥೆರಾಕ್ ಉದಾಹರಣೆಯನ್ನು ನಾನು ಉಲ್ಟಾ ಓದುತ್ತೇನೆ. ಆಪರೇಟರ್ ವೇಗವಾಗಿ ಟೈಪ್ ಮಾಡಿ ತಿದ್ದಿದಾಗ ಮಾತ್ರ ಕೆರಳುತ್ತಿದ್ದ ರೇಸ್ ಕಂಡಿಷನ್, ಅಂದರೆ ಒಟ್ಟಿಗೆ ನಡೆಯುವ ಕೆಲಸಗಳಲ್ಲಿ ಯಾವುದು ಮೊದಲು ಮುಗಿಯಿತು ಎಂಬುದರ ಮೇಲೆ ಫಲಿತಾಂಶ ಬದಲಾಗುವ ದೋಷ, ಅದರಲ್ಲಿತ್ತು. ಅಂಥದ್ದನ್ನು ಹಿಡಿಯಲು ಏಕಕಾಲಿಕ ಪ್ರೋಗ್ರಾಮಿಂಗ್‌ನಲ್ಲಿ ಆಳವಾದ ತಿಳಿವಳಿಕೆ ಬೇಕು. ಕೋರ್ ಕೋರ್ಸಿನಲ್ಲಿ ಅದಕ್ಕೆ ಸಿಗುವುದು ಒಂದು ಸ್ಲೈಡು.

ನನ್ನ ಉದಾಹರಣೆ ಲಂಡನ್ನಿನ ಮಿಲೆನಿಯಮ್ ಸೇತುವೆ. 2000ದ ಜೂನ್ 10ರಂದು ಪಾದಚಾರಿಗಳಿಗೆ ತೆರೆದರು. ಅದು ಪಕ್ಕಕ್ಕೆ ತೂಗಾಡಿತು. ಎರಡು ದಿನದಲ್ಲಿ ಮುಚ್ಚಿದರು. ನೆಲ ಸ್ವಲ್ಪ ಓಲಿದರೆ ನಡೆಯುವವರು ಬೀಳದಿರಲು ಹೆಜ್ಜೆಯನ್ನು ಆ ಓಲಾಟಕ್ಕೆ ಹೊಂದಿಸಿಕೊಳ್ಳುತ್ತಾರೆ, ಆ ಹೆಜ್ಜೆಗಳೇ ಓಲಾಟವನ್ನು ಇನ್ನಷ್ಟು ತಳ್ಳುತ್ತವೆ. ಕೊನೆಗೆ ಓಲಾಟ ತಗ್ಗಿಸುವ ಡ್ಯಾಂಪರ್‌ಗಳನ್ನು ಕೂಡಿಸಿ 2002ರಲ್ಲಿ ಮತ್ತೆ ತೆರೆದರು. ಸ್ಟ್ರಕ್ಚರಲ್ ಎಂಜಿನಿಯರಿಂಗ್ ಮತ್ತು ಮನುಷ್ಯರ ನಡಿಗೆ: ಈ ಜೋಡಿಯನ್ನು ಮುಂಚಿತವಾಗಿ ಊಹಿಸಿ ಪಠ್ಯಕ್ರಮಕ್ಕೆ ಹಾಕುವ ಸಮಿತಿ ಎಲ್ಲಿತ್ತು? ಹೊಸ ಪ್ರಶ್ನೆಗಳು ಹುಟ್ಟುವುದು ಇಂಥ ಅನಿರೀಕ್ಷಿತ ಜೋಡಿಗಳಲ್ಲೇ.

ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಬೆಸೆದ ಮೆಕಟ್ರಾನಿಕ್ಸ್ ಎಂಬ ಪದವನ್ನು 1969ರಲ್ಲಿ ಜಪಾನಿನ ಯಾಸ್ಕಾವಾ ಕಂಪನಿಯ ಎಂಜಿನಿಯರ್ ಟೆಟ್ಸುರೊ ಮೋರಿ ಕಟ್ಟಿದಾಗ ಅದಕ್ಕೆ ಕೋರ್ ಇರಲಿಲ್ಲ. ಇವತ್ತು ಅದಕ್ಕೆ ತನ್ನದೇ ಪದವಿ, ತನ್ನದೇ ಕಡ್ಡಾಯ ಪಟ್ಟಿ ಇದೆ. ಒಳ್ಳೆಯದೇ, ಆದರೆ ಅದೀಗ ಬೇಲಿ ಹಾಕಿಕೊಂಡ ಮತ್ತೊಂದು ಶಿಸ್ತು.

ಟೈಮ್‌ಟೇಬಲ್ ನೋಡಿ ಎಲೆಕ್ಟಿವ್ ಆರಿಸುವವರು ಇದ್ದಾರೆ, ಒಪ್ಪಿದೆ. ಅದಕ್ಕೆ ಮದ್ದು ಬೇರೆ ಇದೆ. ಎರಡು ವಿಭಾಗಗಳಿಂದ ಇಬ್ಬರು ಗೈಡ್‌ಗಳಿರಲಿ. ಮೊದಲ ಸೆಮಿಸ್ಟರ್ ಮುಗಿಯುವ ಮುನ್ನ ವಿದ್ಯಾರ್ಥಿ ತನ್ನ ಎಂಟೂ ಕೋರ್ಸುಗಳ ಯೋಜನೆ ಬರೆದುಕೊಡಲಿ. ಪ್ರತಿಯೊಂದರ ಎದುರು, ಥೀಸಿಸ್‌ನ ಯಾವ ಪ್ರಶ್ನೆಗೆ ಅದು ಬೇಕು ಎಂದು ಒಂದು ಸಾಲು. ಆ ಸಾಲು ಬರೆಯಲಾಗದ ಕೋರ್ಸಿಗೆ ಗೈಡ್‌ಗಳು ಸಹಿ ಹಾಕುವುದು ಬೇಡ.