ಹಳೇಬೀಡಿಗೆ ಯಾವ ಕಾದಂಬರಿ?

"ನಿಮ್ಮೂರ ಕಡೆ ಹೊರಟಿದ್ದೀವಿ ತಂಬಿ. ಹಳೇಬೀಡು ನೋಡೋ ಮೊದಲು ಯಾವ ಕಾದಂಬರಿ ಓದಬೇಕು?" ಎದುರು ಮನೆ ಮಾಮಿ ಕೇಳಿದ ಈ ಪ್ರಶ್ನೆ ಇನ್ನೂ ಚುಚ್ಚುತ್ತಿದೆ. ನಾನು ಹಾಸನದವನು. ಒಂದು ಹೆಸರೂ ಬಾಯಿಗೆ ಬರಲಿಲ್ಲ.

ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿನವರು ಕಾದಂಬರಿಯನ್ನು ಹಚ್ಚಿಕೊಳ್ಳುವ ರೀತಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಕಲ್ಕಿಯವರ 'ಪೊನ್ನಿಯಿನ್ ಸೆಲ್ವನ್' 1950ರಿಂದ 1954ರವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಚೋಳರ ಚರಿತ್ರೆ, ಪ್ರೀತಿ, ಜೊತೆಗೆ ಯುವರಾಜ ಆದಿತ್ಯ ಕರಿಕಾಲನನ್ನು ಕೊಂದವರು ಯಾರು ಅನ್ನುವ ಗುಟ್ಟು. ಮಾಮಿ ಐದೂ ಭಾಗ ನಾಲ್ಕು ಸಲ ಓದಿದ್ದಾರೆ. ಹೋದ ವರ್ಷ ನಮ್ಮನ್ನೂ ವೀರಾಣಂ ಕೆರೆಗೆ ಹೊರಡಿಸಿದರು. ಚೀಲದಲ್ಲಿ ಪುಳಿಯೋಗರೆ, ಮೊದಲ ಭಾಗ. ಕಥೆ ಶುರುವಾಗುವುದೇ ಆ ಕೆರೆ ಏರಿ ಮೇಲೆ, ಕಥಾನಾಯಕ ವಂದಿಯತ್ತೇವನಿಂದ. "ವಂದಿಯತ್ತೇವನ ಕುದುರೆ ಬಂದಿದ್ದು ಇಲ್ಲೇ" ಎಂದು ಏರಿ ಮೇಲೆ ನಿಂತು ಓದಿ ಹೇಳಿದರು. ಆಮೇಲೆ ಕಾಟ್ಟುಮನ್ನಾರ್‌ಕೋವಿಲ್‌ನ ಗುಡಿಗೆ ಹೋದೆವು. ಕೊಲೆಗಾರರ ಹೆಸರಿರುವ ಶಾಸನ ಅಲ್ಲಿದೆ. ಚೆನ್ನೈಗೆ ಬರುವ ಕುಡಿಯುವ ನೀರಿನಲ್ಲಿ ವೀರಾಣಂ ನೀರೂ ಸೇರಿದೆ. ಅವತ್ತಿನಿಂದ ನಲ್ಲಿ ತಿರುಗಿಸುವಾಗಲೂ ಆ ಕುದುರೆ ನೆನಪಾಗುತ್ತದೆ.

ನಮ್ಮಲ್ಲಿ? ಸ್ಕೂಲಿನಿಂದ ಬೇಲೂರು, ಹಳೇಬೀಡಿಗೆ ಎಷ್ಟು ಸಲ ಹೋಗಿಲ್ಲ! ಕಪ್ಪೆ ಚನ್ನಿಗರಾಯನ ಕಥೆ ಕೇಳಿ, ನಂದಿ ಮುಂದೆ ಫೋಟೋ ತೆಗೆಸಿಕೊಂಡು, ಚಿತ್ರಾನ್ನ ತಿಂದು ಬಸ್ ಹತ್ತಿದ್ದು ಅಷ್ಟೇ. ಹೊಯ್ಸಳೇಶ್ವರ ಗುಡಿ ಪಕ್ಕದ ಗರುಡಗಂಬದ ಹತ್ತಿರ ನಮ್ಮನ್ನು ಯಾರೂ ನಿಲ್ಲಿಸಲಿಲ್ಲ. ಅದನ್ನು ಸರಿಯಾಗಿ ನೋಡಿದ್ದು ಮದುವೆಯಾದ ಮೇಲೆ. ಕುವರ ಲಕ್ಷ್ಮ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಗರುಡ, ಅಂದರೆ ಅಂಗರಕ್ಷಕ. ದೊರೆ ಸತ್ತರೆ ತಾನೂ ಸಾಯುತ್ತೇನೆಂದು ಮಾತು ಕೊಟ್ಟವನು. 1220ರಲ್ಲಿ ದೊರೆ ತೀರಿಕೊಂಡ. ಲಕ್ಷ್ಮ ಹೋದ, ಅವನ ಹೆಂಡತಿ ಹೋದಳು, ಸಂಗಡಿಗರೂ ಹೋದರು. ತಮ್ಮ ಕತ್ತು ತಾವೇ ಕೊಯ್ದುಕೊಳ್ಳುವ ವೀರರು ಆ ಕಂಬದಲ್ಲಿದ್ದಾರೆ.

ಹಿಂದಿನ ರಾತ್ರಿ ಆ ಗಂಡ ಹೆಂಡತಿ ಏನು ಮಾತಾಡಿರಬಹುದು? ಅವಳು ಒಪ್ಪಿದಳೋ, ಒಪ್ಪಲೇಬೇಕಾಯಿತೋ? ಕಲ್ಲನ್ನು ಎಷ್ಟು ಓದಿದರೂ ಇದು ಸಿಗುವುದಿಲ್ಲ, ಅಲ್ವಾ? ನನಗೆ ಇಂಥ ಕಾದಂಬರಿಗಳು ಬೇಕೆನಿಸುವುದು ಇದಕ್ಕೇ.

ಬೇಸಿಗೆಯಲ್ಲಿ ಊರಿನ ಒಂದು ಅಂಗಡಿಯಲ್ಲಿ ಹೊಯ್ಸಳರ ಕಾದಂಬರಿ ಇದೆಯಾ ಎಂದು ಕೇಳಿದ್ದೆ. ಪರೀಕ್ಷೆ ಗೈಡುಗಳ ರಾಶಿ ಹಿಂದಿನಿಂದ "ಕಥೆ ಪುಸ್ತಕ ಈಗ ಯಾರು ತಗೋತಾರೆ ಸಾರ್" ಎಂಬ ಉತ್ತರ ಬಂತು. ತುಂಬ ಬೇಜಾರಾಯಿತು.

ಮಾಮಿ ಕೇಳಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. "ಯಾಕೋ, ಕೆ.ವಿ. ಅಯ್ಯರ್ ಅವರ 'ಶಾಂತಲಾ' ಅಟ್ಟದ ಮೇಲಿನ ಟ್ರಂಕಿನಲ್ಲೇ ಇದೆಯಲ್ಲ. ನಾನೂ ನಿಮ್ಮ ಚಿಕ್ಕಮ್ಮನೂ ಕಿತ್ತಾಡಿ ಓದಿದ್ದೀವಿ. ನೀನು ಯಾವತ್ತು ಮುಟ್ಟಿದ್ದೆ?" ಅಂದರು. ಹೌದು, ಮುಟ್ಟಿರಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಬೇಕು. 'ಪೊನ್ನಿಯಿನ್ ಸೆಲ್ವನ್'ನ ನಂದಿನಿ ಕಲ್ಕಿ ಕಲ್ಪಿಸಿದ ಪಾತ್ರ ಅನ್ನುವುದೇ ಇಲ್ಲಿ ನನ್ನ ಪರಿಚಯದ ಕೆಲವರಿಗೆ ಮರೆತುಹೋಗಿದೆ. ಚರಿತ್ರೆಯೇ ಎಂದು ವಾದ ಮಾಡುತ್ತಾರೆ.

ಪುಸ್ತಕ ಕೊರಿಯರಿನಲ್ಲಿ ಬಂದಿದೆ. ಮಾಮಿಗೆ ಕನ್ನಡ ಓದಲು ಬರುವುದಿಲ್ಲ. ಸಂಜೆ ಕಾಫಿ ಹೊತ್ತಿಗೆ ನಾನೇ ಓದಿ ತಮಿಳಿನಲ್ಲಿ ಹೇಳುತ್ತಿದ್ದೇನೆ. ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಮೊನ್ನೆ ಬಾಯ್ತಪ್ಪಿ ಹೇಳಿಬಿಟ್ಟೆ. "ಹೇಗೆ ಅಂತ ಈಗಲೇ ಹೇಳಬೇಡಿ" ಎಂದು ಮಾಮಿ ಕೈ ಅಡ್ಡ ಹಿಡಿದರು.