ಅಂಕ ಬಿಟ್ಟ ಕೋಳಿಗೆ ನೂರು ಅಂಕ

ನಮ್ಮ ಕಾಸರಗೋಡು ಕಡೆ ಹುಂಜವೊಂದು ಸರ್ಕಾರಿ ಕಡತಕ್ಕೆ ಹತ್ತಬೇಕಾದರೆ ಇಷ್ಟು ದಿನ ಒಂದೇ ದಾರಿ ಇತ್ತು. ಪೊಲೀಸರು ಕೋಳಿ ಅಂಕಕ್ಕೆ ದಾಳಿ ಮಾಡಬೇಕು. ಜನ ಗುಡ್ಡ ಹತ್ತಿ ಓಡುತ್ತಾರೆ. ಕಾಲಿಗೆ ಹಗ್ಗ ಕಟ್ಟಿದ ಹುಂಜ ಸಿಕ್ಕಿಬೀಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇರುವುದೇ ಅದನ್ನು ಕಾಪಾಡಲಿಕ್ಕೆ. ಆದರೆ ಜೀಪು ಹತ್ತುವುದೂ ಅದೇ! ಠಾಣೆಯಲ್ಲಿ ಹುಂಜ ಸಾಕಲು ಯಾರಿಗೆ ಪುರುಸೊತ್ತು? ಬೆಳಗಿನ ಜಾವ ಕೂಗಿ ಲಾಕಪ್ಪನ್ನೆಲ್ಲ ಎಬ್ಬಿಸುವ ಸಾಕ್ಷಿ ಅದು. ಹಾಗಾಗಿ ಕೋರ್ಟಿನ ಅನುಮತಿ ಪಡೆದು ಹರಾಜು. ಅಲ್ಲಿ ಬಿಡ್ ಕೂಗುವವರು ಸಾರು ಮಾಡುವವರಂತೂ ಅಲ್ಲ. ಆ ರೇಟಿಗೆ ಆಡೇ ಸಿಗುತ್ತದೆ.

ಈಗ ಇನ್ನೊಂದು ದಾರಿ ತೆರೆದಿದೆ. ಪ್ರದರ್ಶನ. ಹೊಡೆದಾಡಿದರೆ ಕೇಸು, ಸುಮ್ನೆ ನಿಂತರೆ ಬಹುಮಾನದ ಕಪ್. ತಮಿಳುನಾಡಿನ ಕಡೆ ಗಿಳಿ ಕೊಕ್ಕಿನ, ಉದ್ದ ಬಾಲದ ಹುಂಜಗಳು ಲಕ್ಷ ರೂಪಾಯಿ ದಾಟಿದ ಸುದ್ದಿ ಬಂದ ಮೇಲಂತೂ ನಮ್ಮವರಿಗೆ ಅಡಿಕೆ ತೋಟದ ಹಳದಿ ರೋಗವೂ ಮರೆತುಹೋಗಿದೆ.

ಇದು ಹೊಸ ಬುದ್ಧಿಯೇನಲ್ಲ. ಇಂಗ್ಲೆಂಡಿನಲ್ಲಿ 1835ರಲ್ಲಿ ಕೋಳಿ ಅಂಕಕ್ಕೆ ನಿಷೇಧ ಬಂತು. 1845ರಲ್ಲಿ ಲಂಡನ್ ಮೃಗಾಲಯದಲ್ಲಿ ಕೋಳಿ ಪ್ರದರ್ಶನ ಶುರುವಾಯಿತು. ಹತ್ತೇ ವರ್ಷ! ಆಮೇಲೆ 1865ರಲ್ಲಿ ಅಲ್ಲಿ, 1874ರಲ್ಲಿ ಅಮೆರಿಕದಲ್ಲಿ, ಯಾವ ಕೋಳಿ ಹೇಗಿರಬೇಕು ಎಂಬ ಪುಸ್ತಕಗಳು ಬಂದವು. ಒಟ್ಟು ನೂರು ಅಂಕ. ಜುಟ್ಟಿಗೆ ಇಷ್ಟು, ಬಾಲಕ್ಕೆ ಇಷ್ಟು, ಕಾಲಿನ ಬಣ್ಣಕ್ಕೆ ಇಷ್ಟು. ಅಮೆರಿಕದ ಪುಸ್ತಕದಲ್ಲಿ ಒಂಟಿ ಜುಟ್ಟಿನ ಲೆಗ್‌ಹಾರ್ನ್ ತಳಿಯ ಹುಂಜದ ಜುಟ್ಟಿಗೆ ಐದು ಹಲ್ಲು ಇರಬೇಕು. ಡಾರ್ಕಿಂಗ್ ಕೋಳಿಗೆ ಕಾಲಿಗೆ ಐದು ಬೆರಳು ಬೇಕು. ನಾಲ್ಕೇ ಇದ್ದರೆ ಮನೆಗೆ. ನಾಲ್ಕು ಬೆರಳಿನ ತಳಿಗೆ ಐದು ಬಂದರೂ ಮನೆಗೆ. ಮೊಟ್ಟೆ ಇಡುತ್ತದಾ, ಕಾವು ಕೂರುತ್ತದಾ ಎಂದು ಮೇಜಿನ ಹತ್ತಿರ ಯಾರೂ ಕೇಳುವುದಿಲ್ಲ.

ನಗಬೇಡಿ, ಈ ಕಾಯಿಲೆ ನಮಗೂ ಇತ್ತು. ಯಾವ ದಿನ ಬೊಳ್ಳೆ ಬಣ್ಣದ ಹುಂಜ ಗೆಲ್ಲುತ್ತದೆ, ಯಾವ ದಿನ ಕೆಮ್ಮೈರೆ ಬಣ್ಣದ್ದು ಎಂದು ಹೇಳುವ ಕುಕ್ಕುಟ ಪಂಚಾಂಗ ತುಳುನಾಡಿನಲ್ಲಿ ಹಿಂದಿನಿಂದಲೂ ಉಂಟು. ಆದರೆ ನಮ್ಮ ಪಂಚಾಂಗ ತಪ್ಪಿದರೆ ಸಂಜೆಯೊಳಗೆ ಗೊತ್ತಾಗುತ್ತಿತ್ತು.

ಶೋಕಿಯ ತಳಿ ಕಟ್ಟುವುದು ಹೇಗೆ ಎಂದು ನಮ್ಮ ಬದಿಮನೆಯ ಅಣ್ಣ ನನಗೆ ಪಾಠ ಮಾಡಿದರು. "ಒಳ್ಳೆಯ ಹುಂಜ ಸಿಕ್ಕಿದರೆ ಅದರ ಮಗಳಿಗೇ ಅದನ್ನು ಬಿಡುವುದು. ಮತ್ತೆ ಮೊಮ್ಮಗಳಿಗೆ. ಲೈನ್ ಬ್ರೀಡಿಂಗ್ ಅಂತ." ನಾನು ಕಿವಿ ಮುಚ್ಚಿಕೊಂಡೆ. ಸಗೋತ್ರ ಎಂದು ಎಷ್ಟು ಸಂಬಂಧಗಳನ್ನು ಮುರಿದ ಮನೆತನ ಅವರದು! ಕೋಳಿಗೂಡಿಗೆ ಬಂದ ಕೂಡಲೇ ಸಗೋತ್ರವೇ ಬೇಕಂತೆ. ಅತಿಯಾದರೆ ಮೊಟ್ಟೆ ಮರಿಯಾಗುವುದು ಕಡಿಮೆಯಾಗುತ್ತದೆ, ಮರಿಗಳೂ ಸೊರಗುತ್ತವೆ. "ಹಾಗಾದರೆ ಎಂತ ಮಾಡುವುದು ಅಣ್ಣ?" ಎಂದು ಕೇಳಿದೆ. "ಇನ್‌ಕ್ಯುಬೇಟರ್ ತರಿಸಿದ್ದೇನೆ ಮಾರಾಯ" ಎಂದರು.

ಇನ್ನೂ ಮಜಾ ಜೋಡಿಯ ವಿಷಯದಲ್ಲಿ. ಪ್ಲಿಮತ್ ರಾಕ್ ಎಂಬ ತಳಿಯ ಪಟ್ಟೆ ಕೋಳಿಯಲ್ಲಿ ಹುಂಜ ಹುಟ್ಟಿನಿಂದಲೇ ಹೇಂಟೆಗಿಂತ ತಿಳಿ ಬಣ್ಣ. ಪಟ್ಟೆಯ ಗುಣ ಹುಂಜಕ್ಕೆ ಅಪ್ಪ, ಅಮ್ಮ ಇಬ್ಬರಿಂದಲೂ ಬರುತ್ತದೆ, ಹೇಂಟೆಗೆ ಅಪ್ಪನಿಂದ ಮಾತ್ರ. ಆದರೆ ಶೋಕಿದಾರರಿಗೆ ಎರಡೂ ಒಂದೇ ಬಣ್ಣದಲ್ಲಿ ಬೇಕಿತ್ತು. ಅದಕ್ಕಾಗಿ ಒಳ್ಳೆಯ ಹುಂಜ ಹುಟ್ಟಿಸಲಿಕ್ಕೆ ಒಂದು ವಂಶ, ಒಳ್ಳೆಯ ಹೇಂಟೆ ಹುಟ್ಟಿಸಲಿಕ್ಕೆ ಇನ್ನೊಂದು ವಂಶ ಇಟ್ಟುಕೊಂಡರು. ಅಂದರೆ ವೇದಿಕೆಯಲ್ಲಿ ಪಕ್ಕಪಕ್ಕ ನಿಂತು ಬಹುಮಾನ ಪಡೆದ ಆದರ್ಶ ದಂಪತಿಯನ್ನು ಮನೆಗೆ ತಂದು ಒಂದೇ ಗೂಡಿಗೆ ಬಿಟ್ಟರೆ, ಹುಟ್ಟುವ ಮರಿಗಳಲ್ಲಿ ವೇದಿಕೆ ಹತ್ತುವುದು ಸಿಕ್ಕಿದರೆ ಪುಣ್ಯ.

ಹಿಂದಿನ ದಿನದ ಅಲಂಕಾರ ಬೇರೆ. ಮಕ್ಕಳ ಶಾಂಪೂವಿನಲ್ಲಿ ಸ್ನಾನ, ಹೇರ್ ಡ್ರೈಯರ್, ಉಗುರು ಕತ್ತರಿಸುವುದು, ಜುಟ್ಟಿಗೆ ತೆಂಗಿನೆಣ್ಣೆ. ಬೇರೆ ಬಣ್ಣದ ಗರಿ ಒಂದು ಕಂಡರೆ ಕಳ್ಳತನದಲ್ಲಿ ಕಿತ್ತುಬಿಡುವುದು. ಅಮೆರಿಕದ ನಿಯಮದಲ್ಲಿ ಅದು ಮೋಸ, ಸಿಕ್ಕಿದರೆ ಅನರ್ಹ. ನಮ್ಮಲ್ಲಿ ತಲೆಗೆ ಡೈ ಹಾಕಿ ಟಿಕೆಟ್ ಕೇಳುವವರಿಗೆ ಆ ನಿಯಮ ಇಲ್ಲ ಎನ್ನುವುದು ಕೋಳಿಗಳ ದೂರು.

ಪರಂಪರೆಯ ಕೋಳಿ ಎಂದರೆ ಯಾವುದು ಎಂದು 2009ರಲ್ಲಿ ಅಮೆರಿಕದ ತಳಿ ಸಂರಕ್ಷಣಾ ಸಂಸ್ಥೆಯೊಂದು ಬರೆದಿಟ್ಟಿತು. ತಾನಾಗಿ ಕೂಡಬೇಕು, ಹೇಂಟೆ ಐದರಿಂದ ಏಳು ವರ್ಷ ಮೊಟ್ಟೆ ಇಡುವಂತಿರಬೇಕು, ಮಾರುಕಟ್ಟೆಯ ತೂಕಕ್ಕೆ ಬರಲು 16 ವಾರವಾದರೂ ಬೇಕು. ಬ್ರಾಯ್ಲರಿಗೆ ಆರು ವಾರ ಸಾಕು, ಅಲ್ವಾ? ಇಲ್ಲಿಯವರೆಗೆ ಒಳ್ಳೆಯ ಮಾತೇ. ಆದರೆ ಅದರ ಮೊದಲ ಷರತ್ತು, 20ನೇ ಶತಮಾನದ ನಡುವಿಗೆ ಮೊದಲೇ ಅಮೆರಿಕದ ಆ ನೂರು ಅಂಕದ ಪುಸ್ತಕದಲ್ಲಿ ಹೆಸರಿರಬೇಕು. ನಮ್ಮ ದೇಶದ ಕಾಳಗದ ತಳಿ ಅಸೀಲ್ ಆ ಪುಸ್ತಕಕ್ಕೆ ಹತ್ತಿದ್ದು 1981ರಲ್ಲಿ. ಅಷ್ಟರಲ್ಲಿ ಅದರ ಮೊಮ್ಮಕ್ಕಳು ಬೇರೆ ಹೆಸರು ಮಾಡಿದ್ದರು. ಅಸೀಲ್ ರಕ್ತ ಸೇರಿಸಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ 'ಇಂಡಿಯನ್ ಗೇಮ್' ಎಂಬ ತಳಿ ಕಟ್ಟಿದರು. ಅಮೆರಿಕದಲ್ಲಿ ಅದು ಕಾರ್ನಿಷ್ ಆಯಿತು. ಬಿಳಿ ಪ್ಲಿಮತ್ ರಾಕ್ ಜೊತೆ ಅದು ಬೆರೆತ ಮೇಲೆ ಬಂದದ್ದೇ ಬ್ರಾಯ್ಲರ್. ಕುಂಬಳೆ ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ತೂಗುವ ಆ ಬಿಳಿ ಕೋಳಿ ನಮ್ಮ ಊರಿನ ಅಂಕದ ವೀರರ ದೂರದ ನೆಂಟ. ಪರಂಪರೆ ಬೇಕಾದರೆ ಅರ್ಧ ಕಿಲೋ ಕಟ್ಟಿಸಿಕೊಳ್ಳಿ.

ನಮ್ಮ ದೊಡ್ಡಮ್ಮನ ಹೇಂಟೆಯನ್ನು ಬದಿಮನೆಯ ಅಣ್ಣ ಒಮ್ಮೆ ಪುಸ್ತಕ ಹಿಡಿದು ಪರೀಕ್ಷೆ ಮಾಡಿದರು. ಬಾಲ ಒಂದು ಬದಿಗೆ ವಾಲಿದೆ. ಕಾಲಿನಲ್ಲಿ ಇರಬಾರದ ಗರಿ. ಬಣ್ಣಕ್ಕೆ ಹೆಸರೇ ಇಲ್ಲ. ತುಳು, ಮಲಯಾಳ, ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಏಳು ಭಾಷೆಯ ಊರಿನಲ್ಲಿ ಏಳು ಮನೆಯ ಹುಂಜಗಳ ಸಂಪರ್ಕಕ್ಕೆ ಬಂದ ಜಾತಿ ಅದು. ಕೇರಳದಿಂದ ತಳಿಪಟ್ಟಿಗೆ ಹತ್ತಿದ ತಲಶ್ಶೇರಿ ಕೋಳಿಯ ಕಪ್ಪೂ ಅದಕ್ಕಿಲ್ಲ. "ಇದು ಯಾವ ತಳಿಯೂ ಅಲ್ಲ ದೊಡ್ಡಮ್ಮ, ಸೊನ್ನೆ" ಎಂದು ತೀರ್ಪು ಕೊಟ್ಟರು. "ಸೊನ್ನೆಯೇ ಇರಲಿ ಮಗಾ, ಮೊಟ್ಟೆಯೂ ಹಾಗೇ ದುಂಡಗೆ ಬರುತ್ತದೆ" ಎಂದರು ದೊಡ್ಡಮ್ಮ. ಆ ಹೇಂಟೆ ಹಟ್ಟಿಯ ಮೂಲೆಯಲ್ಲಿ ತಾನೇ ಕಾವು ಕೂತು, ಗಿಡುಗನ ನೆರಳು ಕಂಡರೆ ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡು, ಜಡಿ ಮಳೆಗಾಲವನ್ನೂ ದಾಟಿಸುತ್ತದೆ. ಇದಕ್ಕೆಲ್ಲ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಅದಕ್ಕೇ ನನ್ನದೊಂದು ಅರ್ಜಿ. ಮುಂದಿನ ಪ್ರದರ್ಶನದಲ್ಲಿ ತೀರ್ಪುಗಾರರ ಸಾಲಿನಲ್ಲಿ ಒಂದು ಮುಂಗುಸಿಗೂ ಕುರ್ಚಿ ಹಾಕಿಸಿ. ಅದಕ್ಕೆ ಗೌರವಧನ ಬೇಡ, ಶಾಲು ಬೇಡ, ಭಾಷಣವೂ ಮಾಡುವುದಿಲ್ಲ. ಪಂಜರದ ಬಾಗಿಲು ತೆಗೆದರೆ ಸಾಕು, ಫಲಿತಾಂಶ ಅಲ್ಲಿಯೇ. ಮೇಲ್ಮನವಿಗೂ ಅವಕಾಶ ಇರುವುದಿಲ್ಲ.