ಪರಿಸರ ಓದಲು ಹೊರಟವನಿಗೆ ಫ್ಲೆಕ್ಸ್ ಶುಭಾಶಯ

ಭಾದ್ರಪದ ಬಂತು ಅಂದರೆ ಮಂಡ್ಯ ಕಡೆ ಎರಡು ಕೆಲಸ ಜೋರು. ಒಂದು, ಗಣಪತಿ ಕೂರಿಸುವುದು. ಇನ್ನೊಂದು, ಹುಡುಗರನ್ನು ಜರ್ಮನಿಗೆ ಕಳಿಸುವುದು. ಎರಡಕ್ಕೂ ಫ್ಲೆಕ್ಸ್ ಬೇಕು, ಎರಡಕ್ಕೂ ಸಾಲ ಆಗುತ್ತದೆ, ಎರಡನ್ನೂ ಕೊನೆಗೆ ಮೆರವಣಿಗೆಯಲ್ಲಿ ಒಯ್ದು ಬಿಟ್ಟು ಬರಬೇಕು.

ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು. ಹಾಗಾಗಿ ಸೆಪ್ಟೆಂಬರ್ ಹೊತ್ತಿಗೆ ನಮ್ಮ ಸರ್ಕಲ್‌ಗಳಲ್ಲಿ ಹೊಸ ಮುಖಗಳು ತೂಗಾಡುತ್ತವೆ. ಈ ಸಲ ಕಂಡ ಒಂದು ಫ್ಲೆಕ್ಸ್ ಬಗ್ಗೆ ಹೇಳಲೇಬೇಕು. ನಡುವೆ ಕೋಟು ಹಾಕಿಕೊಂಡ ಹುಡುಗ. ಹಿಂದೆ ಹಸಿರು ಗುಡ್ಡ, ಗಾಳಿಯಂತ್ರ, ಒಂದು ವಿಮಾನ. ಮೇಲೆ ಎರಡೂ ಪಕ್ಷದ ನಾಯಕರು. ಮುಂದೆ ಯಾರಿಂದ ಕೆಲಸ ಬೀಳುತ್ತೋ ಹೇಳಕ್ಕಾಗಲ್ಲ. ಕೆಳಗೆ ‘ಶುಭ ಕೋರುವವರು’ ಅಂತ ಪಾಸ್‌ಪೋರ್ಟ್ ಸೈಜಿನ ಮೂವತ್ತು ತಲೆ. ಅಡ್ಡಕ್ಕೆ ಕೆಂಪು ಅಕ್ಷರದಲ್ಲಿ, ‘ಪರಿಸರ ವಿಜ್ಞಾನದ ಉನ್ನತ ವ್ಯಾಸಂಗಕ್ಕೆ ತೆರಳುತ್ತಿರುವ ನಮ್ಮ ಹೆಮ್ಮೆಯ ಪರಿಸರ ಪ್ರೇಮಿ’. ಇಷ್ಟನ್ನೂ ರಸ್ತೆ ಬದಿಯ ಹೊಂಗೆ ಮರಕ್ಕೆ ಮೊಳೆ ಹೊಡೆದು ಕಟ್ಟಿದ್ದಾರೆ. ಹುಡುಗನ ಮುಖಕ್ಕೆ ಅಡ್ಡ ಬರುತ್ತೆ ಅಂತ ಎರಡು ಕೊಂಬೆ ಕಡಿದಿದ್ದಾರೆ.

ಕರ್ನಾಟಕದಲ್ಲಿ ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರ್ ಎಲ್ಲ ನಿಷೇಧವಾದದ್ದು 2016ರ ಮಾರ್ಚ್‌ನಲ್ಲಿ. ಆಗ ಈ ಹುಡುಗ ಇನ್ನೂ ಚಡ್ಡಿ ಹಾಕಿಕೊಂಡು ‘ಪ್ಲಾಸ್ಟಿಕ್ ಪೆಡಂಭೂತ’ ಅಂತ ಪ್ರಬಂಧ ಬರೆಯುತ್ತಿದ್ದಿರಬೇಕು. ಬಟ್ಟೆ ಬ್ಯಾನರ್ ಹಾಕಿಸೋಣ ಅಂತ ಅವನೇ ಒಂದು ಮಾತು ಹೇಳಿದನಂತೆ. ದೊಡ್ಡಪ್ಪ ಒಪ್ಪಲಿಲ್ಲ. "ಬಟ್ಟೇಲಿ ಮುಖ ಎಲ್ಲಾ ಹೊಳೀತದೆ? ಸುಮ್ಕಿರ್ಲಾ."

ಇಲ್ಲಿ ಒಂದು ಮಾತು. ಆ ಫ್ಲೆಕ್ಸ್‌ಗೆ ಸದ್ಗತಿ ಖಂಡಿತ. ಹಬ್ಬ ಮುಗಿದ ಮೇಲೆ ಯಾರೋ ಬಿಚ್ಚಿಕೊಂಡು ಹೋಗಿ ಹುಲ್ಲಿನ ಮೆದೆಗೆ ಹೊದಿಸುತ್ತಾರೆ. ಮಳೆಗಾಲ ಪೂರ್ತಿ ಹುಡುಗ ಕೋಟು ಸಮೇತ ಹುಲ್ಲು ಕಾಯುತ್ತಾನೆ. ಇಡೀ ಪ್ರಕರಣದಲ್ಲಿ ಮರುಬಳಕೆ ಅಂತ ನಡೆಯುವುದು ಅದೊಂದೇ.

ಪರಿಸರ ಪ್ರೇಮ ಹುಟ್ಟುವುದು ಹುಡುಗರನ್ನು ವಿದೇಶಕ್ಕೆ ಓದಲು ಕಳಿಸುವ ಮೈಸೂರಿನ ಕನ್ಸಲ್ಟೆನ್ಸಿಗಳಲ್ಲಿ. ನೀವು ಯಾಕೆ ಈ ಕೋರ್ಸ್ ಓದಬೇಕು ಅಂತ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಕೊಡಬೇಕಲ್ಲ, ಎಸ್‌ಒಪಿ, ಅದು ಅಲ್ಲಿ ರೆಡಿ ಇರುತ್ತದೆ. ‘ಕಾವೇರಿಯ ಮಡಿಲಲ್ಲಿ ಬೆಳೆದ ನನಗೆ ಬಾಲ್ಯದಿಂದಲೂ ನಿಸರ್ಗ ಅಂದರೆ ಪ್ರಾಣ.’ ನಂಜನಗೂಡಿನವರು ಬಂದರೆ ಕಾವೇರಿ ತೆಗೆದು ಕಪಿಲೆ ಹಾಕುತ್ತಾರೆ. ಸರಸ್ವತಿಪುರಂನವರಾದರೆ ಕುಕ್ಕರಹಳ್ಳಿ ಕೆರೆ. ಎರಡನೇ ಪ್ಯಾರಾದಲ್ಲಿ ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಕಸದ ಗುಡ್ಡ ಬರುತ್ತದೆ. ಅದನ್ನು ನೋಡಿ ಇವನ ಮನಸ್ಸು ಕಲಕಿತಂತೆ. ಕಾರಿನ ಗ್ಲಾಸ್ ಏರಿಸಿಕೊಂಡು ಹೋಗುವಾಗ ಕಲಕಿರಬಹುದು. ಮೈಸೂರಿಗೆ 2016ರಲ್ಲಿ ದೇಶದ ಅತಿ ಸ್ವಚ್ಛ ನಗರ ಅನ್ನುವ ಪಟ್ಟ ಸಿಕ್ಕಾಗಲೂ ಆ ಗುಡ್ಡ ಅಲ್ಲೇ ಇತ್ತು. ಅದಕ್ಕೂ ಒಂದು ಉಪಯೋಗ ಇದೆ, ಎಷ್ಟು ಹುಡುಗರನ್ನು ವಿದೇಶಕ್ಕೆ ಕಳಿಸಿದೆಯೋ! ಆದರೆ ಮನೆಯಲ್ಲಿ ಹಸಿ ಕಸದ ಡಬ್ಬಿ ಯಾವುದು ಅಂತ ಕೇಳಿದರೆ ಹುಡುಗ ಅಮ್ಮನ ಮುಖ ನೋಡುತ್ತಾನೆ.

ಇನ್ನು ಪ್ಯಾಕಿಂಗ್. ಚಟ್ನಿಪುಡಿ ಒಂದು ಕವರ್‌ಗೆ, ಆ ಕವರ್ ಇನ್ನೊಂದು ಕವರ್‌ಗೆ, ಎಣ್ಣೆ ಜಿನುಗಿದರೆ ಅಂತ ಮತ್ತೊಂದು ಕವರ್, ಅದರ ಮೇಲೆ ಬ್ರೌನ್ ಟೇಪು. ಹುಳಿಪುಡಿಗೂ ಇದೇ ಉಪಚಾರ. ಜರ್ಮನಿಯವರು ಪುಡಿ ಸಿಗಬೇಕಾದರೆ ಅಗೆಯಬೇಕು.

ಹೊರಡುವ ದಿನ ಐದು ಕಾರು, ಒಂದು ಟೆಂಪೋ ಟ್ರಾವೆಲರ್. ಮೈಸೂರಿನಿಂದ ಏರ್‌ಪೋರ್ಟ್‌ಗೆ ನೇರ ಫ್ಲೈಬಸ್ ಇದೆ. ಅದರಲ್ಲಿ ಹೋದರೆ ಸೋದರಮಾವ ಕೂರುವುದೆಲ್ಲಿ, ಅಲ್ವಾ? ಹಾರುವವನು ಒಬ್ಬ. ಗಾಜಿನ ಹೊರಗೆ ನಿಂತು ಕೈ ಬೀಸುವವರು ಇಪ್ಪತ್ತೈದು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಏಳು ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಹೋಗಿ ಬಂದರೆ ಒಬ್ಬ ಪ್ರಯಾಣಿಕನ ಪಾಲಿಗೆ ಒಂದರಿಂದ ಎರಡು ಟನ್ ಇಂಗಾಲದ ಡೈಆಕ್ಸೈಡ್ ಲೆಕ್ಕ ಬೀಳುತ್ತದೆ. ಯಾವ ಲೆಕ್ಕ ಹಿಡಿಯುತ್ತೀರಿ ಅನ್ನುವುದರ ಮೇಲೆ. ಭಾರತದಲ್ಲಿ ತಲೆಗೆ ಇಡೀ ವರ್ಷಕ್ಕೆ ಬರುವುದೇ ಸುಮಾರು ಎರಡು ಟನ್. ಅದಕ್ಕೂ ದಾರಿ ಇದೆಯಂತೆ. ಟಿಕೆಟ್ ಬುಕ್ ಮಾಡುವಾಗ ಒಂದು ಚೌಕ ಬರುತ್ತದೆ, ಇಷ್ಟು ದುಡ್ಡು ಸೇರಿಸಿದರೆ ನಿಮ್ಮ ಹೊಗೆಗೆ ಪರಿಹಾರ. ನಮ್ಮ ತಪ್ಪುಕಾಣಿಕೆಯ ಹಾಗೆ. ದೇವರಿಗಾದರೆ ಹೆದರಿ ಹಾಕುತ್ತೇವೆ. ಇಲ್ಲಿ ಹುಡುಗ ಚೌಕ ಬಿಟ್ಟು ಮುಂದೆ ಹೋದ.

ಅಲ್ಲಿಗೆ ಹೋದ ಮೇಲೆ ನೋಡಿ, ಎಂಥಾ ಬದಲಾವಣೆ! ಕಸ ನಾಲ್ಕು ಡಬ್ಬಿಗೆ ಬೇರೆ ಬೇರೆ ಹಾಕುತ್ತಾನೆ. ಗಾಜಿನ ಬಾಟಲಿಗಳನ್ನು ಬಣ್ಣ ನೋಡಿ ಹಾಕುತ್ತಾನೆ, ಅದೂ ಭಾನುವಾರ ಸದ್ದು ಮಾಡಬಾರದು ಅಂತ ಸೋಮವಾರದವರೆಗೆ ಕಾದು. ಇಲ್ಲಿ ಬೀದಿ ಕೊನೆಯ ಹಾಲಿನ ಬೂತಿಗೂ ಬೈಕ್ ತೆಗೆಯುತ್ತಿದ್ದವನು ಅಲ್ಲಿ ಟ್ರಾಮ್ ಹತ್ತಿ ಸ್ಟೇಟಸ್ ಹಾಕುತ್ತಾನೆ. ಯಾರೋ ರಸ್ತೆ ಬದಿ ಇಟ್ಟು ಹೋದ ಕುರ್ಚಿ ತಂದು, ‘ಸೆಕೆಂಡ್ ಹ್ಯಾಂಡ್ ಬಳಸಿ, ಭೂಮಿ ಉಳಿಸಿ’ ಅಂತಾನೆ. ಅಣ್ಣನ ಹಳೇ ಸೈಕಲ್ ಕೊಟ್ಟಿದ್ದಕ್ಕೆ ಊಟ ಬಿಟ್ಟು ಕೂತಿದ್ದವನು ಇವನೇ. ವಾರಾಂತ್ಯಕ್ಕೆ ಮಾತ್ರ ಬಾರ್ಸಿಲೋನಾಗೆ ವಿಮಾನ. ಟ್ರೈನ್‌ಗಿಂತ ಅಗ್ಗ ಅಂತೆ.

ಕಳೆದ ವಾರ ಅವನ ವಿಡಿಯೋ ಊರಿನ ಗ್ರೂಪಿಗೆ ಬಂತು. ಸೂಪರ್‌ಮಾರ್ಕೆಟ್ ಮೆಷಿನ್ನಿನ ಬಾಯಿಗೆ ಖಾಲಿ ಪ್ಲಾಸ್ಟಿಕ್ ಬಾಟಲಿ ಹಾಕುತ್ತಾನೆ, ಒಂದಕ್ಕೆ 25 ಸೆಂಟ್ ಚೀಟಿ ಬರುತ್ತದೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ರೂಪಾಯಿ ಆಸುಪಾಸು. ‘ಇಂಥದ್ದು ನಮ್ಮ ದೇಶಕ್ಕೆ ಯಾವಾಗ ಬರುತ್ತೋ!’ ಹತ್ತೇ ನಿಮಿಷಕ್ಕೆ ದೊಡ್ಡಪ್ಪನ ಫೋನು.

"ಲೋ ಮಗಾ, ಇಲ್ಲಿ ತುಂಬಿದ್ ಬಾಟ್ಲಿಗೇ ಇಪ್ಪತ್ ರೂಪಾಯಿ. ಅಲ್ಲಿ ಖಾಲಿಗೆ ಇಪ್ಪತ್ತೈದಾ? ಮದ್ವೆ ಛತ್ರದಲ್ಲಿ ಒಂದ್ ಲೋಡ್ ಬಿದ್ದವೆ, ಕಳಿಸ್ಲಾ?"

"ಇಲ್ಲ ದೊಡ್ಡಪ್ಪ, ಇಲ್ಲಿನ ಮಾರ್ಕ್ ಇರೋ ಬಾಟಲಿನೇ ಆಗಬೇಕು. ಕೊಳ್ಳುವಾಗಲೇ ಆ 25 ಸೆಂಟ್ ಡಿಪಾಸಿಟ್ ಹಿಡ್ಕೊಂಡಿರ್ತಾರೆ."

"ಅಂದ್ರೆ ನಿನ್ ದುಡ್ಡೇ ನಿಂಗೆ ವಾಪಸ್ ಕೊಡದಾ?"

"ಹೂಂ."

"ಸೋಡಾ ಅಂಗ್ಡೀಲಿ ನಾವು ಬಾಟ್ಲಿಗೆ ದುಡ್ ಇಟ್ ತರ್ತಿರ್ಲಿಲ್ವಾ, ಅಂಗೇಯ. ಅದ್ಕೆ ವಿಡಿಯೋ ಬ್ಯಾರೆ ಮಾಡಿದ್ಯಾ?"

ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿಯುವ ಗುರುತು ಹಾಕಿದ್ದಾರೆ. ದೊಡ್ಡಪ್ಪ ಮಾತ್ರ ಇನ್ನೂ ಏನೂ ಒತ್ತಿಲ್ಲ.